ಉಪಕರಣಕ್ಕೆ ಕಟ್ಟಿದ ಮಲ್ಲಿಗೆ

ಉಪಗ್ರಹಕ್ಕೆ ಜ್ವರ ಬಂದಿದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಮಣಿಪಾಲದಲ್ಲಿ ಯಾರಾದರೂ ಕೇಳಿದರೆ ಹೀಗೇ ಹೇಳುತ್ತೇನೆ. ಅವರು ನಕ್ಕು ಸುಮ್ಮನಾಗುತ್ತಾರೆ, ನನಗೂ ವಿವರಿಸುವ ತಾಪತ್ರಯ ತಪ್ಪುತ್ತದೆ.

ಭೂಮಿಯ ಶಾಖವನ್ನು ಮೇಲಿನಿಂದಲೇ ಅಳೆಯುವ ಕಣ್ಣೊಂದು ಆ ಉಪಗ್ರಹದಲ್ಲಿ ಸುತ್ತುತ್ತಿರುತ್ತದೆ. ಆಗಾಗ ಅದು ಕತ್ತಲ ಆಕಾಶದ ಕಡೆ ತಿರುಗುತ್ತದೆ, ಆಮೇಲೆ ತನ್ನೊಳಗೇ ಇರುವ ಬೆಚ್ಚನೆಯ ಕರಿ ಫಲಕವನ್ನು ನೋಡುತ್ತದೆ, ಆಮೇಲಷ್ಟೇ ನಮ್ಮನ್ನು. ತಣ್ಣಗೆ ಎಂದರೆ ಎಷ್ಟು, ಬಿಸಿ ಎಂದರೆ ಎಷ್ಟು ಎಂದು ನೆನಪು ಮಾಡಿಕೊಳ್ಳುವ ಅದರ ಈ ಅಭ್ಯಾಸ ನನಗೆ ಬಹಳ ಇಷ್ಟ. ಬಸ್ಸಿನ ಕಿಟಕಿಗೆ ತಲೆಯಾನಿಸಿ ಅದನ್ನೇ ಯೋಚಿಸುತ್ತಾ ಎಷ್ಟೋ ಸಲ ಇಳಿಯುವ ಸ್ಟಾಪ್ ಮರೆತಿದ್ದೇನೆ. ಆದರೂ ವರ್ಷ ಕಳೆದಂತೆ ಆ ಕಣ್ಣೂ ಮಂಜಾಗುತ್ತದೆ. ಅದಕ್ಕೇ ಅದು ಹಾದುಹೋಗುವ ಹೊತ್ತಿಗೆ ಕೆಳಗೆ ಸಮುದ್ರದ ಮೇಲೊಂದು ಅಳತೆ ತೆಗೆದು, ಎರಡನ್ನೂ ತಾಳೆ ನೋಡಬೇಕು.

ಅಳತೆ ಕಾಪುವಿನ ಆಚೆ ಕಡಲಿನಲ್ಲಿ, ಅಣ್ಣನ ದೋಣಿಯಲ್ಲಿ. ನೀರನ್ನು ಮುಟ್ಟದೆ ತನ್ನ ಪುಟ್ಟ ಕಣ್ಣಿನಿಂದಲೇ ಶಾಖ ಅಳೆಯುವ ನನ್ನ ಉಪಕರಣ ಹೋಗಬಹುದು, ನಾನು ಹೋಗುವಂತಿಲ್ಲ. ಉಚ್ಚಿಲದ ನಮ್ಮ ಮನೆಯ ಹೆಂಗಸರು ಬುಟ್ಟಿ ಹೊತ್ತು ಸಂತೆಕಟ್ಟೆಯವರೆಗೂ ಮೀನು ಮಾರಲು ಹೋಗುತ್ತಾರೆ, ಎದುರು ನಿಂತ ಗಂಡಸರ ಬಾಯಿ ಮುಚ್ಚಿಸುತ್ತಾರೆ, ದೋಣಿ ಮಾತ್ರ ಹತ್ತುವುದಿಲ್ಲ. ಅಪ್ಪ ಸಮುದ್ರದಿಂದ ಹಿಂದಿರುಗದ ಮೇಲಂತೂ ಅಮ್ಮನ ಎದುರು ಆ ಮಾತೆತ್ತಲು ನನಗೆ ಧೈರ್ಯವಿರಲಿಲ್ಲ. ಹೋಗಬೇಕೆಂಬ ಆಸೆ ಮಾತ್ರ ಹೊಟ್ಟೆಯೊಳಗೇ ಇತ್ತು.

ಆಯುಧ ಪೂಜೆಯ ಮರುದಿನ ಆಕಾಶ ತೊಳೆದಿಟ್ಟಂತಿತ್ತು. ಅಣ್ಣ ಉಪಕರಣ ಒಯ್ದು, ನಾನು ಹೇಳಿದಂತೆ ಗುಂಡಿ ಒತ್ತಿ, ಸಂಜೆ ತಂದುಕೊಟ್ಟ. ತಾಳೆ ನೋಡಿದರೆ ನಮ್ಮ ಅಳತೆಯಲ್ಲಿ ಸಮುದ್ರ ಎಂದೂ ಇಲ್ಲದಷ್ಟು ತಣ್ಣಗೆ, ಉಪಗ್ರಹದ ಅಳತೆಯಲ್ಲಿ ಬಿಸಿ.

"ಉಪಗ್ರಹದ್ದೇ ತಪ್ಪು. ಇನ್ನೊಂದು ಸಲವೂ ಹೀಗೇ ಬಂದರೆ ತಿದ್ದುಪಡಿ ಕಳಿಸಿಬಿಡುವ," ಎಂದರು ಮಣಿಪಾಲದ ಆಫೀಸಿನ ನಮ್ಮ ಮೇಡಂ. ಕಳಿಸಿದರೆ ಆ ಕಣ್ಣು ನೋಡುವ ಎಲ್ಲ ಸಮುದ್ರಗಳ ಲೆಕ್ಕವೂ ನನ್ನ ಅಳತೆಯಂತೆ ಬದಲಾಗುತ್ತಿತ್ತು. ಹೆದರಿಕೆಯಾಯಿತು.

ಮುಂದಿನ ಸಲ ಉಪಗ್ರಹ ಬರುವ ಬೆಳಿಗ್ಗೆ ನಾನೇ ಉಚ್ಚಿಲದ ದಡಕ್ಕೆ ಹೋದೆ. ದೋಣಿಯಲ್ಲಿ ನನ್ನ ಉಪಕರಣ ಮದುಮಗನಂತೆ ಕುಳಿತಿತ್ತು. ಮೈಗೆ ಕುಂಕುಮ, ಕಣ್ಣಿನ ಎದುರಿಗೇ ಇಳಿಬಿದ್ದ ಶಂಕರಪುರದ ಮಲ್ಲಿಗೆ, ಅದೂ ನೀರು ಚಿಮುಕಿಸಿದ್ದು.

"ಎಂತ ಇದು?" ಎಂದು ಕಿರುಚಿದೆ.

ಅಣ್ಣ ತಲೆ ಕೆರೆದುಕೊಂಡ. "ಅಮ್ಮ ಕಟ್ಟಿದ್ದು ಮಾರಾಯ್ತಿ. ಆವತ್ತೂ ಇತ್ತು, ದಡಕ್ಕೆ ಬಂದ ಮೇಲೆ ಬಿಚ್ಚಿದೆ. ಪೂಜೆಯ ಹೂವನ್ನು ನೀರಿನ ಮೇಲೆ ಬಿಚ್ಚಲಿಕ್ಕುಂಟಾ?"

ಅಂದರೆ ಅಂದು ನಾವು ಅಳೆದದ್ದು ಅರಬ್ಬಿ ಸಮುದ್ರವನ್ನಲ್ಲ, ಒದ್ದೆ ಮಲ್ಲಿಗೆಯನ್ನು! ಸಿಟ್ಟು, ನಗು ಎರಡೂ ಒಟ್ಟಿಗೆ ಬಂದವು.

ಅಮ್ಮ ಅಲ್ಲೇ ನಿಂತಿದ್ದಳು. "ಅದರ ಕಣ್ಣಿಗೆ ಏನೂ ಅಡ್ಡ ಇರಬಾರದಮ್ಮ. ನೋಡಿಕೊಳ್ಳಲಿಕ್ಕೆ ದೋಣಿಯಲ್ಲಿ ಯಾರಾದರೂ ಬೇಕು," ಎಂದೆ. ಯಾರಾದರೂ ಎಂದೆನೇ ಹೊರತು ನಾನು ಎನ್ನಲಿಲ್ಲ.

"ಹೂವಿಲ್ಲದೆ ದೋಣಿ ಬಿಡಲಿಕ್ಕಿಲ್ಲ," ಎಂದಳು. ಒಮ್ಮೆ ನೀರಿನ ಕಡೆ ನೋಡಿದಳು. ಆಮೇಲೆ ದೋಣಿಗೆ ಕೈಚಾಚಿ ಮಾಲೆ ಬಿಚ್ಚಿ, ನನ್ನನ್ನು ಹಿಂದಕ್ಕೆ ತಿರುಗಿಸಿ, ಜಡೆಗೆ ಮುಡಿಸಿದಳು.

"ಇಲ್ಲಿದ್ದರೆ ಅದಕ್ಕೆ ಅಡ್ಡ ಇಲ್ಲ ಅಲ್ವಾ? ಹೂವು ದೋಣಿಯಲ್ಲಿ ಇದ್ದರೆ ಆಯಿತು. ಹೋಗು."

ದಡ ದೂರವಾದಂತೆ ಸದ್ದೆಲ್ಲ ಕರಗಿತು. ಉಪಕರಣ ಒಮ್ಮೆ ಆಕಾಶವನ್ನು, ಒಮ್ಮೆ ನೀರನ್ನು ನೋಡುತ್ತಿತ್ತು, ನಾನೂ ಹಾಗೇ. ಕಾಣದ ಕಣ್ಣೊಂದು ಮೇಲೆ ಹಾದುಹೋಯಿತು. ಎಚ್ಚರವೋ ನಿದ್ದೆಯೋ ತಿಳಿಯಲಿಲ್ಲ. ಮಲ್ಲಿಗೆಯ ವಾಸನೆ, ಉಪ್ಪಿನ ವಾಸನೆ, ಅಷ್ಟೇ.

ಸಂಜೆ ಮಣಿಪಾಲದಲ್ಲಿ ಎರಡೂ ಅಳತೆಗಳು ತಾಳೆಯಾದವು. ಉಪಗ್ರಹಕ್ಕೆ ಜ್ವರವಿರಲಿಲ್ಲ. ಇನ್ನು ಉಪಗ್ರಹ ತೆಗೆದ ಶಾಖದ ಚಿತ್ರವನ್ನು ಶುದ್ಧ ಮಾಡುವುದಷ್ಟೇ ಉಳಿದಿತ್ತು. ಅದರಲ್ಲಿ ದಡದ ಮೇಲೆ ಬೀಳುವ ಚುಕ್ಕೆಗಳನ್ನು ನಾವು ಅಳಿಸಿಬಿಡುತ್ತೇವೆ, ಅವುಗಳಲ್ಲಿ ನೆಲದ ಬಿಸಿ ಬೆರೆತಿರುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಒಂದೊಂದಾಗಿ ಅಳಿಸುತ್ತಾ ಉಚ್ಚಿಲಕ್ಕೆ ಬಂದೆ. ನಾವು ಹಿಂದಿರುಗುವವರೆಗೂ ಅಮ್ಮ ಅಲ್ಲೇ, ಬಿಸಿಲಿನಲ್ಲಿ, ಕೊಡೆಯೂ ಇಲ್ಲದೆ ನಿಂತಿದ್ದಳು. ಆ ಒಂದು ಚುಕ್ಕೆಯನ್ನು ಅಳಿಸಲು ನನಗೆ ಕೈ ಬರಲಿಲ್ಲ.