ಕಾಫಿ ಹಣ್ಣಿನ ಗಾಳ

ಆ ಭಾನುವಾರ ಸಂಜೆ ನನ್ನ ಗಂಡ ಹೊಳೆಯಿಂದ ಬಂದು ಕಾಲು ತೊಳೆದು, ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಒಂದು ಸಣ್ಣ ಗಾಳಕ್ಕೆ ಕೆಂಪು ಉಲ್ಲನ್ ದಾರ ಸುತ್ತುತ್ತಿದ್ದರು. "ಎದೆ ಒಂಥರಾ ಬಿಗಿ ಕಣೆ, ಗ್ಯಾಸ್ ಇರ್ಬೇಕು" ಅಂದರು. ಜೀರಿಗೆ ಕಷಾಯ ಮಾಡಿಕೊಟ್ಟೆ. ಕುಡಿದು, ಇನ್ನೆರಡು ಸುತ್ತು ದಾರ ಸುತ್ತಿ, ಗಂಟು ಹಾಕಿ, ರೊಟ್ಟಿ ತಿಂದು ಮಲಗಿದರು. ಮಾರನೇ ದಿನ ಮಧ್ಯಾಹ್ನ ತೋಟದಲ್ಲಿ ಕೊಯ್ದ ಹಣ್ಣು ತೂಗಿಸುತ್ತಿದ್ದವರು ಅಲ್ಲೇ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಅವರು ನೆಲ್ಯಹುದಿಕೇರಿ ಹತ್ತಿರದ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಬಂಗಲೆಗೆ ಬಂದಿದ್ದ ಅತಿಥಿಯೊಬ್ಬರು ಹಳೇ ಫ್ಲೈ ಫಿಶಿಂಗ್ ಕೋಲೊಂದನ್ನು ಇವರಿಗೆ ಕೊಟ್ಟು, ಎಸೆಯುವುದನ್ನೂ ಕಲಿಸಿ ಹೋಗಿದ್ದರು. ಅದಕ್ಕೆ ಎರೆಹುಳ ಬೇಡ. ದಾರ, ಗರಿ ಸುತ್ತಿ ಹುಳದ ಹಾಗೆ ಮಾಡಿದ ಗಾಳವನ್ನು ಚಾಟಿ ಬೀಸಿದಂತೆ ಹಿಂದಕ್ಕೂ ಮುಂದಕ್ಕೂ ಬೀಸಿ ನೀರಿಗೆ ಬಿಡಬೇಕು. ನನ್ನ ಗಂಡ ಹುಳದ ಬದಲು ಕಾಫಿ ಹಣ್ಣು ಮಾಡುತ್ತಿದ್ದರು. ದಡದ ಗಿಡಗಳಿಂದ ಉದುರುವ ಹಣ್ಣಿಗೆ ಮೀನು ಬಾಯಿ ಹಾಕುತ್ತವೆ ಎಂದು ಅವರ ನಂಬಿಕೆ. ಜೊತೆಗೆ ಹೋಗುತ್ತಿದ್ದವನು ಕುಶಾಲನಗರದ ಹತ್ತಿರ ಇರುವ ನನ್ನ ಅಣ್ಣ. ಅವನದು ಬಿದಿರಿನ ಕೋಲು, ಎರೆಹುಳ. "ಭಾವ, ನಿಮ್ಮ ಮೀನಿಗೆ ಹಾಲು ಸಕ್ಕರೆ ಬೇಡ್ವಾ?" ಎಂದು ರೇಗಿಸುತ್ತಿದ್ದ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಅಣ್ಣ ನಮ್ಮ ಮನೆಗೆ ಬರುವುದನ್ನು ಬಿಟ್ಟ. ಫೋನ್ ಮಾಡಿದರೆ ಎರಡು ಮಾತು, ಆಮೇಲೆ ಇಡುತ್ತಿದ್ದ. ಕಷಾಯದ ವಿಷಯ ಯಾರಿಂದಲೋ ತಿಳಿದಿರಬೇಕು, ಆಸ್ಪತ್ರೆಗೆ ಕಳಿಸದೆ ಮಲಗಿಸಿದಳು ಎಂದು ನನ್ನ ಮೇಲೆ ಸಿಟ್ಟಿರಬೇಕು ಎಂದುಕೊಂಡೆ. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಆದರೂ ಹಾಗನ್ನಿಸುತ್ತಿತ್ತು. ಅವನೂ ದೂರವಾದರೆ ನನಗೆ ತವರಿನವರು ಅಂತ ಯಾರೂ ಇರಲಿಲ್ಲ.

ಒಂದು ವರ್ಷ ಕಳೆದು ಮತ್ತೆ ಹಣ್ಣು ಕೊಯ್ಯುವ ಕಾಲ ಬಂತು. ಫೋನ್ ಮಾಡಿ, "ಅಣ್ಣ, ಆ ಕೋಲು ತಗೊಂಡು ಹೊಳೆಗೆ ಹೋಗೋಣ, ಬಾ" ಅಂದೆ. "ನನಗೆ ಅದು ಬರಲ್ಲ ಕಣವ್ವ" ಅಂದ. "ನನಗೂ ಬರಲ್ಲ" ಅಂದೆ.

ಬಂದ. ದಾರಿಯಲ್ಲಿ ಅವನ ಸ್ಕೂಟರ್ ಪಂಕ್ಚರ್ ಆಗಿ, ಉಳಿದ ದಾರಿ ನಡೆದೆವು. ಹೊಳೆಗೆ ಇಳಿದವನೇ ಪಾಚಿಗೆ ಜಾರಿ ಸೊಂಟದವರೆಗೆ ನೀರಿನಲ್ಲಿ ಕೂತ. ಬುತ್ತಿಯ ಚೀಲ ಅವನ ಹೆಗಲಲ್ಲೇ ಇತ್ತು. ರೊಟ್ಟಿ ಮೀನಿಗಾಯಿತು. ಆಗಲೂ ಇಬ್ಬರೂ ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ಕೋಲು ಜೋಡಿಸಿ, ಅವರು ಕೊನೆಯ ಸಂಜೆ ಸುತ್ತಿದ್ದ ಗಾಳ ಕಟ್ಟಿದೆವು.

ನಾನೇ ಮೊದಲು ಬೀಸಿದೆ. ಹಿಂದಕ್ಕೆ ಹೋದ ದಾರ ಮುಂದಕ್ಕೆ ಬರಲಿಲ್ಲ. ಎಳೆದರೆ ತುಂಡಾಯಿತು. ಗಾಳ ಹಿಂದಿದ್ದ ಕಾಫಿ ಗಿಡಕ್ಕೆ ಹೋಗಿ ಕೂತಿತ್ತು. ಗಿಡದ ತುಂಬ ಹಣ್ಣು, ಎಲ್ಲ ಕೆಂಪು. ಅವುಗಳ ನಡುವೆ ಒಂದು ಕೆಂಪು ಉಲ್ಲನ್ ಹಣ್ಣು. ಅಣ್ಣ ಆ ಕಡೆಯಿಂದ, ನಾನು ಈ ಕಡೆಯಿಂದ ಕೊಂಬೆ ಬಗ್ಗಿಸಿ ಹುಡುಕಿದೆವು.

ಇಲ್ಲಿ ಹುಟ್ಟಿ ಬೆಳೆದ ಕೈ, ಹಣ್ಣಾದ ಗೊಂಚಲು ಮುಟ್ಟಿದ ಮೇಲೆ ಸುಮ್ಮನಿರುವುದಿಲ್ಲ. ಹುಡುಕುತ್ತ ಹುಡುಕುತ್ತ ಕೊಯ್ಯುತ್ತಿದ್ದೆ. ಗೊತ್ತಾಗುವ ಹೊತ್ತಿಗೆ ನನ್ನ ಮಡಿಲು ತುಂಬಿತ್ತು, ಅಣ್ಣನ ಎರಡೂ ಜೇಬು ಉಬ್ಬಿದ್ದವು. ತೋಟ ಮಾತ್ರ ಬೇರೆಯವರದು.

"ಏಯ್! ಯಾರದು? ಎಂತ ಮಾಡ್ತಿದ್ದೀರಿ ಅಲ್ಲಿ?"

ಕೂಲಿಯವರ ಲೈನ್‌ಮನೆಗಳ ಕಡೆಯಿಂದ ಕಾವಲಿನ ಹೆಂಗಸು ಕತ್ತಿ ಹಿಡಿದು, ಸೊಂಟದಲ್ಲಿ ಬುಟ್ಟಿ ಇಟ್ಟುಕೊಂಡು ಇಳಿದು ಬಂದಳು.

"ನಾವು ಮೀನು ಹಿಡಿಯೋಕೆ ಬಂದಿದ್ದು, ಅಕ್ಕ" ಅಂದ ಅಣ್ಣ.

"ಮೀನು ಕಾಫಿ ಗಿಡದಲ್ಲಿ ಉಂಟಾ?"

"ಇಲ್ಲ ಅಕ್ಕ, ಗಾಳ ಸಿಕ್ಕಿಕೊಂಡಿದೆ. ಅದೂ ಹಣ್ಣಿನ ಥರಾನೇ ಇರೋದು."

"ಓಹೋ. ಜೇಬಲ್ಲಿರೋದೆಲ್ಲ ಗಾಳವಾ? ಇರಿ, ರೈಟರಿಗೆ ಫೋನ್ ಮಾಡ್ತೇನೆ."

ಅಣ್ಣನ ಚಡ್ಡಿಯಿಂದ ನೀರು ಸೋರುತ್ತಿತ್ತು. ಅವನು ಒಂದೊಂದೇ ಹಣ್ಣು ತೆಗೆದು ಅವಳ ಬುಟ್ಟಿಗೆ ಹಾಕುತ್ತ, "ಇದು ಹಣ್ಣು. ಇದೂ ಹಣ್ಣೇ" ಎನ್ನುತ್ತಿದ್ದ. ನಾನು ಮಡಿಲಿಗೆ ಕೈ ಹಾಕಿದ್ದೇ ಹೆಬ್ಬೆರಳಿಗೆ ಚುಚ್ಚಿತು. "ಸಿಕ್ತು!" ಎಂದು ಕೂಗಿದೆ. ಅವಳು ಗಾಳವನ್ನು ಬೆಳಕಿಗೆ ಹಿಡಿದು, ಉಲ್ಲನ್ನನ್ನು ಉಗುರಿನಿಂದ ಕೆರೆದು ನೋಡಿದಳು. "ಇಷ್ಟು ಬುದ್ಧಿ ಇದ್ದವರಿಗೆ ಮಾರ್ಕೆಟಲ್ಲಿ ಮೀನು ತಗೊಳ್ಳೋಕೆ ಆಗಲ್ವಾ?" ಅಂದಳು.

ನನಗೆ ನಗು ಬಂತು. ತಡೆಯಲಾಗಲಿಲ್ಲ. ಅಣ್ಣನೂ ನಕ್ಕ. ಅವಳು "ಹುಚ್ಚು" ಎಂದು ಬುಟ್ಟಿ ಹೊತ್ತು ಹೋದ ಮೇಲೂ ನಗುತ್ತಿದ್ದೆವು. ನಗುತ್ತಲೇ ಅಣ್ಣ ಬಂಡೆಯ ಮೇಲೆ ಕುಳಿತು ಅಳತೊಡಗಿದ.

"ಆ ಭಾನುವಾರ ಇಲ್ಲೇ ಕಣವ್ವ. ಭಾವ ಎದೆ ಹಿಡ್ಕೊಂಡು ಕೂತ್ರು. ನಾನು ಗ್ಯಾಸು ಅಂತ ಸೋಡ ಕುಡಿಸ್ದೆ. ಇನ್ನೂ ಒಂದು ಗಂಟೆ ಮೀನು ಹಿಡಿದ್ವಿ. ನಿನ್ನ ಮುಖ ಹೆಂಗೆ ನೋಡ್ಲಿ ಹೇಳು?"

ಅವನ ಪಕ್ಕ ಕುಳಿತೆ. "ನಾನು ಕಷಾಯ ಕೊಟ್ಟೆ ಅಣ್ಣ" ಅಂದೆ. "ನನ್ನ ಹತ್ರನೂ ಗ್ಯಾಸ್ ಅಂದ್ರು. ಕುಡಿಸಿ ಮಲಗಿಸಿದೆ."

ಅವನು ನನ್ನನ್ನೇ ನೋಡಿದ. "ನಿಂಗೂ ಹೇಳಿದ್ರಾ?"

"ಹ್ಞೂಂ. ನೀನು ಅದಕ್ಕೇ ಬರ್ತಿಲ್ಲ ಅಂದ್ಕೊಂಡಿದ್ದೆ."

"ಅಯ್ಯೋ ತಾಯಿ" ಎಂದು ಒದ್ದೆ ಕೈಯಲ್ಲೇ ನನ್ನ ತಲೆ ಸವರಿದ. ಒಂದು ವರ್ಷದಿಂದ ಎದೆಯ ಮೇಲೆ ಕೂತಿದ್ದದ್ದು ಪೂರ್ತಿ ಇಳಿಯಿತು ಎನ್ನಲಾರೆ. ಉಸಿರು ಮಾತ್ರ ಸಲೀಸಾಯಿತು.

ಗಾಳ ಮತ್ತೆ ಕಟ್ಟಿದೆವು. ಈ ಸಲ ಬೀಸುವ ಗೋಜಿಗೆ ಹೋಗದೆ ಅಣ್ಣ ಅದನ್ನು ಕೈಯಿಂದಲೇ ನೀರಿಗೆ ಎಸೆದ, ಕೋಲು ನಾನು ಹಿಡಿದಿದ್ದೆ. ಹಸಿವಾಗಿ ಇನ್ನು ಹೊರಡೋಣ ಎನ್ನುವಷ್ಟರಲ್ಲಿ ದಾರ ಬಿಗಿಯಿತು. ಗೇಣುದ್ದದ ಮರಿ ಮಾಶೀರ್ ಮೀನು. ಅಣ್ಣ ದಡದಲ್ಲಿ ಕುಣಿದಾಡಿಬಿಟ್ಟ. ಗಾಳ ಬಿಡಿಸಿ ಮೀನನ್ನು ನೀರೊಳಗೆ ಹಿಡಿದೆ. ಬೆರಳ ಸಂದಿಯಿಂದ ಜಾರಿ ಹೋಯಿತು. ಇಡೀ ವರ್ಷದಲ್ಲಿ ನನಗೆ ಅಷ್ಟು ಖುಷಿಯಾದದ್ದು ಅದೊಂದೇ ಗಳಿಗೆ.

ಈಗ ಅಣ್ಣ ತಿಂಗಳಿಗೊಮ್ಮೆಯಾದರೂ ಬರುತ್ತಾನೆ. ಹೊಳೆಗೆ ಹೋಗುತ್ತೇವೆ, ಬೀಸಲು ನೋಡುತ್ತೇವೆ, ದಾರ ಗಂಟಾಗುತ್ತದೆ. ಹಿಂದಕ್ಕೆ ಬೀಸಿದ ಕೈಯನ್ನು ಎಲ್ಲಿ ನಿಲ್ಲಿಸಬೇಕು ಎನ್ನುವುದು ಇಬ್ಬರಿಗೂ ತಿಳಿಯುವುದಿಲ್ಲ. ತಿಳಿದಿದ್ದವರು ಇಲ್ಲ.