ಬಾವನ ವಿಡಿಯೋ ಗೇಮಿಗೆ ಅಮ್ಮನ ಅಕ್ಷತೆ

ರಂಗಮಿತ್ರರೇ, ಪರದೆ ಸರಿಸಿ ನೋಡಿ. ಇವತ್ತು ಸಂಜೆ ಆರ್.ಟಿ. ನಗರದ ನಮ್ಮ ಮನೆಯಲ್ಲಿ, ಕಪ್ಪು ಬಿಳುಪು ಟೀವಿಯ ಮುಂದೆ ಅರ್ಧ ಬೀದಿಯೇ ಚಾಪೆ ಹಾಸಿ ಕೂತಿದೆ. ಅಕ್ಕನ ಗಂಡ ಮಸ್ಕತ್ತಿನಿಂದ ವಿಡಿಯೋ ಗೇಮ್ ಪೆಟ್ಟಿಗೆ ತಂದಿದ್ದಾರೆ. ಎಲ್ಲರನ್ನೂ ಕರೆದು ಕೂರಿಸಿದವರೂ ಅವರೇ. ಸ್ವಿಚ್ ಹಾಕಿದರೆ ಟೀವಿ ತುಂಬ ಬರೀ ಚುಕ್ಕೆ.

ಬಾವ ವೈರು ಬಿಚ್ಚಿ ಮತ್ತೆ ಸಿಕ್ಕಿಸಿದರು. ಆಟದ ಕ್ಯಾಸೆಟ್ ತೆಗೆದು ಊದಿ ಊದಿ ಒತ್ತಿದರು. ಚುಕ್ಕೆಗಳು ಕದಲಲಿಲ್ಲ.

"ಸಾರ್, ಇದೇನಾ ಆಟ?" ಎಂದರು ಪಕ್ಕದ ಮನೆ ರಾಜಣ್ಣ.

ಬಾವನ ಮುಖದ ಬಣ್ಣ ಇಳಿಯಿತು. ಪಾಪ, ಕ್ಯಾಸೆಟ್ ಕಿತ್ತು ಕೈಯಲ್ಲಿ ಹಿಡಿದು ನಿಂತರು.

"ದೃಷ್ಟಿ ತಾಗಿದೆ ಅಳಿಯಂದ್ರೇ, ಬೆಳಿಗ್ಗೆ ಮಾಡಿದ್ ಪೂಜೆ ಸಾಲ್ಲಿಲ್ಲ" ಎಂದ ಅಮ್ಮ, ಪೆಟ್ಟಿಗೆಯ ಮೇಲೆ ಇನ್ನೊಂದು ಹಿಡಿ ಅಕ್ಷತೆ ಸುರಿದರು.

ಕಾಳುಗಳು ಕ್ಯಾಸೆಟ್ಟಿನ ಕಂಡಿಯೊಳಗೆ ಇಳಿದು ಹೋಗುವುದು ಆಗ ನನ್ನ ಕಣ್ಣಿಗೆ ಬಿತ್ತು. ನಾಟಕದಲ್ಲಿ ಗದೆ ತಿರುಗಿಸಿದ ಕೈಯಲ್ಲವೇ, ಪೆಟ್ಟಿಗೆಯನ್ನು ಎತ್ತಿ ತಲೆಕೆಳಗು ಮಾಡಿ ಒದರಿದೆ. ಬೆಳಗಿನದೂ ಸಂಜೆಯದೂ ಸೇರಿ ಅರಿಶಿನದಕ್ಕಿ ಚಾಪೆ ತುಂಬ ಸುರಿಯಿತು.

ಅಮ್ಮ ಸಭೆಯತ್ತ ತಿರುಗಿ, "ನೋಡಿದ್ರಾ, ದೃಷ್ಟಿ ಹೆಂಗ್ ಉದುರ್ತಿದೆ?" ಎಂದರು.

ಈ ಸಲ ಕ್ಯಾಸೆಟ್ ಪೂರ್ತಿ ಕೂತಿತು. ಟೀವಿಯಲ್ಲಿ ಎರಡು ಗೆರೆಗಳ ನಡುವೆ ಒಂದು ಚೆಂಡು ಓಡಾಡತೊಡಗಿತು. ಬೀದಿಯವರ ಚಪ್ಪಾಳೆಯೆಲ್ಲ ಅಮ್ಮನಿಗೆ. ಹಿಗ್ಗಿದ ಅಮ್ಮ ಮತ್ತೆ ಅಕ್ಷತೆ ಬಟ್ಟಲಿಗೆ ಕೈ ಹಾಕಿದರು. ಕಂಡ ಕೂಡಲೇ ಬಾವ ಪೆಟ್ಟಿಗೆಯ ಮೇಲೆ ಉದ್ದಕ್ಕೆ ಅಡ್ಡಬಿದ್ದರು.

ಬೀದಿಯವರೆಲ್ಲ ಅದನ್ನು ಭಕ್ತಿ ಎಂದುಕೊಂಡು ಕೈಮುಗಿದರು.