ಒಂದು ವಾರದ ಗಂಡ

ಲಿಂಡನ್ ಹಾರ್ಗ್ರೇವ್ ಬಗ್ಗೆ ಸಮುದ್ರದ ದಂಡೆಯ ನಮ್ಮ ಬಸಲ್ಟನ್ ಊರಿನಲ್ಲಿ ಯಾರನ್ನು ಕೇಳಿದರೂ ಒಳ್ಳೆಯ ಮಾತನ್ನೇ ಹೇಳುತ್ತಾರೆ. ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ವರ್ಷದ ಬಹುಪಾಲು ಊರಲ್ಲೇ ಇಲ್ಲದ ಮನುಷ್ಯನ ಮೇಲೆ ಯಾರಿಗೆ ತಾನೇ ಸಿಟ್ಟು ಬರುತ್ತದೆ? ಉತ್ತರದ ಕಬ್ಬಿಣದ ಗಣಿಯಲ್ಲಿ ಅವನು ಅದಿರು ಹೊರುವ ಟ್ರಕ್ಕು ಓಡಿಸುತ್ತಿದ್ದ. ಎರಡು ವಾರ ಅಲ್ಲಿಯ ಕ್ಯಾಂಪಿನಲ್ಲಿ, ಒಂದು ವಾರ ಇಲ್ಲಿ ಮನೆಯಲ್ಲಿ. ಒಂದು ಮಂಗಳವಾರ ವಿಮಾನದಲ್ಲಿ ಬಂದಿಳಿಯುವುದು, ಮುಂದಿನ ಮಂಗಳವಾರ ಅದೇ ವಿಮಾನ ಹತ್ತುವುದು. ಈ ಊರಿನ ಅರ್ಧಕ್ಕರ್ಧ ಗಂಡಸರ ಬಾಳು ಹೀಗೇ ನಡೆಯುವುದರಿಂದ ಅದನ್ನು ಯಾರೂ ವಿಚಿತ್ರ ಎಂದುಕೊಳ್ಳುವುದಿಲ್ಲ.

ಕ್ಯಾಂಪಿನ ಊಟದ ಮನೆಯಲ್ಲಿ ಕೂತಾಗ ಗಂಡಸರ ಬಾಯಲ್ಲಿ ಎರಡೇ ಮಾತು. ಕೆಲಸ ಯಾವಾಗ ಬಿಡುವುದು, ಬಿಟ್ಟ ಮೇಲೆ ಏನು ಮಾಡುವುದು. ಎಲ್ಲರೂ ಇನ್ನೊಂದೇ ವರ್ಷ ಎನ್ನುತ್ತಾರೆ. ಆಮೇಲೆ ಮೋಟಾರು ದೋಣಿ ಕೊಳ್ಳುತ್ತಾರೆ, ಅದಕ್ಕಾಗಿ ಇನ್ನೊಂದು ವರ್ಷ. ಇಲ್ಲವೇ ಹೆಂಡತಿ ಬಿಟ್ಟು ಹೋಗುತ್ತಾಳೆ, ಅವಳ ಪಾಲು ಕೊಟ್ಟು ಬರಿಗೈಯಾಗಿ ಮತ್ತೆ ಮೊದಲಿನಿಂದ ಶುರು. ಲಿಂಡನ್ ಈ ಎರಡೂ ಗುಂಡಿಗೆ ಬೀಳದವನು. ದೋಣಿ ಕೊಳ್ಳಲಿಲ್ಲ, ಹೆಂಡತಿ ರೇಲೀನ್ ಬಿಟ್ಟು ಹೋಗಲಿಲ್ಲ. ಒಬ್ಬಳೇ ಮಗಳು ಮದುವೆಯಾಗಿ ಡಾರ್ವಿನ್ ಸೇರಿದ್ದಳು. ಬಾಡಿಗೆಗೆ ಬಿಟ್ಟಿದ್ದ ಎರಡು ಮನೆಗಳ ಸಾಲ ತೀರಿತ್ತು. ಲೆಕ್ಕ ನೋಡಿಕೊಳ್ಳುವವನು, ಬೇಕಾದರೆ ನಾಳೆಯೇ ಬಿಡು, ಸಾಯುವವರೆಗೂ ಕೂತು ತಿಂದರೂ ಮುಗಿಯುವುದಿಲ್ಲ ಎಂದು ಹೇಳಿಯೂ ಆಗಿತ್ತು. ಅವನಿಗಿನ್ನೂ ಐವತ್ತಮೂರು.

"ನಾನೂ ರೇಲೀನೂ ಇಷ್ಟು ವರ್ಷದಲ್ಲಿ ಒಂದು ದಿನ ಜಗಳ ಆಡಿಲ್ಲ ಕಣ್ರೋ," ಎಂದು ಅವನು ಕೊಚ್ಚಿಕೊಳ್ಳುತ್ತಿದ್ದ.

"ಆಡೋಕೆ ಪುರುಸೊತ್ತೆಲ್ಲಿದೆ ಮಾರಾಯ?" ಎಂದು ಎದುರಿಗೆ ಕೂತ ವಾರಿಕ್ ಕಾಲೆಳೆಯುತ್ತಿದ್ದ. ಎರಡು ಹೆಂಡಿರನ್ನೂ ಒಂದು ದೋಣಿಯನ್ನೂ ಕಳೆದುಕೊಂಡ ಅನುಭವಸ್ಥ ಅವನು. "ಮನೆಗೆ ಹೋಗಿ ಮೂರು ತಿಂಗಳು ಕೂತ್ಕೊಂಡು ನೋಡು. ಅವಳೇ ನಿನ್ನ ವಿಮಾನಕ್ಕೆ ಹತ್ತಿಸಿ ಹೋಗ್ತಾಳೆ."

ಎಲ್ಲರೂ ನಗುತ್ತಿದ್ದರು, ಲಿಂಡನ್ನೂ ನಗುತ್ತಿದ್ದ.

ಮಾರ್ಚಿ ತಿಂಗಳ ಒಂದು ಬುಧವಾರ ಅವನು ತನ್ನ ಮೇಲ್ವಿಚಾರಕಿ ಟ್ಯಾಮ್ಸಿನ್ ಹತ್ತಿರ ಹೋಗಿ ಕೆಲಸ ಬಿಡುತ್ತೇನೆ ಎಂದ. ಟ್ಯಾಮ್ಸಿನ್ ವಯಸ್ಸಿನಲ್ಲಿ ಅವನ ಮಗಳಿಗಿಂತ ಸ್ವಲ್ಪ ದೊಡ್ಡವಳು, ಅಷ್ಟೇ. ಆದರೆ ಹೀಗೆ ಬಿಟ್ಟು ಹೋಗಿ ಮೂರು ತಿಂಗಳಿಗೆ ಕೆಲಸ ಕೊಡಿ ಎಂದು ವಾಪಸು ಬಂದವರನ್ನು ಸಾಕಷ್ಟು ಕಂಡಿದ್ದಳು.

"ರೇಲೀನ್‌ಗೆ ಹೇಳಿದ್ದೀಯಾ?" ಎಂದು ಕೇಳಿದಳು.

"ಇಲ್ಲ. ಎದುರಿಗೇ ಹೋಗಿ ಹೇಳ್ಬೇಕು ಅಂತಿದ್ದೀನಿ. ಅವಳ ಮುಖ ನೋಡ್ಬೇಕು ನಾನು."

"ಸರಿ ಹಾಗಾದ್ರೆ. ನಾಳೆ ವಿಮಾನದಲ್ಲಿ ಒಂದು ಸೀಟಿದೆ, ಹೋಗು. ರಜ ಅಂತ ಬರ್ಕೋತೀನಿ. ಮಂಗಳವಾರ ವಿಮಾನ ಹತ್ತಿದ್ರೆ ಕೆಲಸದಲ್ಲಿದ್ದೀಯ, ಹತ್ತದೇ ಇದ್ರೆ ಬಿಟ್ಟಿದ್ದೀಯ. ಬೇರೆ ಏನೂ ಹೇಳೋದು ಬೇಡ."

ರೇಲೀನ್‌ಗೆ ಫೋನು ಮಾಡದೆ ಅವನು ಗುರುವಾರ ಹೊರಟುಬಿಟ್ಟ. ಗಣಿಗೆ ಹೋಗುವ ಗಂಡಸು ಹೇಳದೆ ಕೇಳದೆ ಮನೆಗೆ ಬರಬಾರದು ಎಂದು ನಮ್ಮ ಬೀದಿಯ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು. ಆದರೆ ಇಂಥ ವಿಷಯ ಹೆಂಗಸರನ್ನು ಕೇಳಬೇಕು ಎಂದು ಹೊಳೆಯುವುದಾದರೂ ಎಷ್ಟು ಗಂಡಸರಿಗೆ? ವಿಮಾನದಲ್ಲಿ ಅವನಿಗೆ ಚಿಕ್ಕ ಹುಡುಗನ ಹಾಗೆ ಸಂಭ್ರಮ. ಇನ್ನು ಮೇಲೆ ಪ್ರತಿದಿನವೂ ತಾನು ಮನೆಗೆ ಬಂದ ವಾರದ ಹಾಗೇ ಇರುತ್ತದೆ ಎಂದು ಅವನು ನಂಬಿದ್ದ. ಕುರಿಮಾಂಸದ ರೋಸ್ಟು, ಸಮುದ್ರದ ದಂಡೆಯಲ್ಲಿ ನಡಿಗೆ, ಒಗೆದ ಚಾದರದ ವಾಸನೆ, ರೇಲೀನಳ ಮೆಲುಮಾತು.

ಮಧ್ಯಾಹ್ನದ ಹೊತ್ತಿಗೆ ಮನೆ ತಲುಪಿದ. ಒಳಗಿನಿಂದ ಹೆಂಗಸೊಬ್ಬಳು ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಿರುವುದು ಬಾಗಿಲಾಚೆಗೂ ಕೇಳಿಸಿತು. ಯಾರೋ ನೆಂಟರು ಬಂದಿದ್ದಾರೆ ಎಂದುಕೊಂಡ. ಬಾಗಿಲು ತೆಗೆದು ನೋಡಿದರೆ ನಗುತ್ತಿದ್ದವಳು ರೇಲೀನ್. ತನ್ನ ಹೆಂಡತಿಯ ನಗು ಅವನಿಗೇ ಗುರುತು ಸಿಕ್ಕಿರಲಿಲ್ಲ. ಅದು ಬರೀ ಮೊದಲನೆಯ ಪೆಟ್ಟು.

ಅವನ ಮನೆ ಅಲ್ಲಿ ಇರಲೇ ಇಲ್ಲ. ನಡುಮನೆಯಲ್ಲಿ ಅವನ ಒರಗುಕುರ್ಚಿ ಇಲ್ಲ, ಟಿವಿ ಇಲ್ಲ, ನೆಲಹಾಸು ಇಲ್ಲ. ನೆಲದ ತುಂಬ ಹಳೆ ಟವೆಲುಗಳು. ಬಟ್ಟೆ ಒಣಹಾಕುವ ಸ್ಟ್ಯಾಂಡುಗಳು ಗೋಡೆಯುದ್ದಕ್ಕೂ ನಿಂತಿದ್ದವು, ಅದರ ತುಂಬ ನೇತುಹಾಕಿದ ದಪ್ಪ ಬಟ್ಟೆ ಚೀಲಗಳು. ಹಾಲಿನ ಪುಡಿಯದೂ ಹುಲ್ಲಿನದೂ ಬೆರೆತ ವಾಸನೆ. ಒಂದು ಚೀಲ ಒಳಗಿನಿಂದ ಒದ್ದಂತೆ ಅಲ್ಲಾಡಿತು, ಅದರ ಬಾಯಿಂದ ಉದ್ದ ಕಿವಿಯೊಂದು ಹೊರಗೆ ಬಂತು. ಆ ಚೀಲ ಅವನದೇ ಹಳೆಯ ಚೌಕಳಿ ಅಂಗಿಯಿಂದ ಹೊಲಿದದ್ದು. ಸುತ್ತ ನೋಡಿದ. ಎಲ್ಲ ಚೀಲದಲ್ಲೂ ಕಾಂಗರೂ ಮರಿಗಳು.

ನಡುವೆ ನೆಲದ ಮೇಲೆ ರೇಲೀನ್ ಕೂತಿದ್ದಳು. ಪಕ್ಕದ ಸ್ಟೂಲಿನ ಮೇಲೆ ಪಕ್ಕದ ಮನೆಯ ಗಾರ್ತ್. ಎಪ್ಪತ್ತು ದಾಟಿದ, ಸೊಂಟ ನೋವಿನ ಗಾರ್ತ್ ಮಡಿಲಲ್ಲೊಂದು ಮರಿ ಇಟ್ಟುಕೊಂಡು ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದ. ಮೊದಲು ಬಾಯಿಬಿಟ್ಟವನೂ ಅವನೇ.

"ಇವತ್ತು ಗುರುವಾರ ಅಲ್ವಾ?" ಎಂದ.

ರೇಲೀನ್ ಎದ್ದು ನಿಂತಳು, ಮುಖ ಬಿಳಿಚಿಹೋಗಿತ್ತು. "ಲಿಂಡ್! ಏನಾಯ್ತು? ಗಣಿಯಲ್ಲಿ ಏನಾದ್ರೂ ಆಯ್ತಾ? ಯಾರಿಗಾದ್ರೂ ಪೆಟ್ಟಾಯ್ತಾ?"

"ಯಾರಿಗೂ ಏನೂ ಆಗಿಲ್ಲ. ಕೆಲಸ ಬಿಡೋಣ ಅಂತ ಬಂದೆ," ಎಂದ ಲಿಂಡನ್. "ನಿನಗೆ ಖುಷಿಯಾಗ್ಲಿ ಅಂತ ಹೇಳದೇ ಬಂದೆ."

ಗಾರ್ತ್ ಕಷ್ಟಪಟ್ಟು ಸ್ಟೂಲಿನಿಂದ ಎದ್ದ. "ನಾನು ಹೊರಡ್ತೀನಪ್ಪ. ಇದನ್ನ ಹಿಡ್ಕೊ, ಇನ್ನೂ ಅರ್ಧ ಕುಡೀಬೇಕು," ಎಂದು ಮರಿಯನ್ನೂ ಬಾಟಲಿಯನ್ನೂ ಲಿಂಡನ್ ಕೈಗೆ ತುರುಕಿ ನಡೆದುಬಿಟ್ಟ. ಲಿಂಡನ್ ಗರ ಬಡಿದವನಂತೆ ಅದನ್ನು ಹಿಡಿದುಕೊಂಡು ನಿಂತ.

ಹೆಂಡತಿ ಇನ್ನೊಬ್ಬನ ಜೊತೆ ಸಿಕ್ಕಿಬಿದ್ದಿದ್ದರೆ ಎಷ್ಟೋ ವಾಸಿಯಾಗಿತ್ತು ಎಂದು ನನಗನ್ನಿಸುತ್ತದೆ. ಅದಕ್ಕೆ ಏನೆಂದು ಬೈಯಬೇಕು ಎಂಬುದಾದರೂ ಗೊತ್ತಿರುತ್ತದೆ. ಇದಕ್ಕೆ ಯಾವ ಬೈಗುಳವಿದೆ?

"ಎಷ್ಟು ದಿನದಿಂದ ಇದು?" ಎಂದು ಕೊನೆಗೆ ಕೇಳಿದ.

"ದಿನ ಅಲ್ಲ ಲಿಂಡ್. ವರ್ಷಗಟ್ಟಲೆ ಆಯ್ತು. ರಸ್ತೆಯಲ್ಲಿ ಲಾರಿಗೆ ಸಿಕ್ಕಿ ತಾಯಿ ಸತ್ತಿರತ್ತೆ, ಮರಿ ಅದರ ಹೊಟ್ಟೆಯ ಚೀಲದಲ್ಲಿ ಬದುಕಿರತ್ತೆ. ಯಾರೋ ತಂದು ಕೊಡ್ತಾರೆ."

"ನಾನು ಬಂದಾಗ ಎಲ್ಲಿರ್ತವೆ ಇವೆಲ್ಲ?"

"ಗಾರ್ತ್ ಮನೇಲಿ. ಸೋಮವಾರ ಎಲ್ಲಾನೂ ಆ ಕಡೆ ಸಾಗಿಸ್ತೀವಿ. ನೆಲ ಉಜ್ಜಿ ಕಿಟಕಿ ತೆಗೆದಿಡ್ತೀನಿ, ವಾಸನೆ ಹೋಗ್ಲಿ ಅಂತ. ನಿನ್ನ ಕುರ್ಚಿ, ಟಿವಿ, ನೆಲಹಾಸು ಕಾರ್ ಶೆಡ್ಡಲ್ಲಿರತ್ತೆ. ತಳ್ಳೋ ಗಾಡೀಲಿ ಇಟ್ಕೊಂಡು ಒಳಗೆ ತಂದು ಇದ್ದಲ್ಲೇ ಇಡ್ತೀವಿ. ನೀನು ಹೋದ ದಿನ ಸಾಯಂಕಾಲ ಮತ್ತೆ ಆಚೆಗೆ."

ಲಿಂಡನ್ ಪ್ರತಿ ಸಲ ಬಂದು ಕಾಲು ಚಾಚಿ, ಅಬ್ಬ, ನಮ್ಮ ಮನೆ ಮಾತ್ರ ಯಾವತ್ತೂ ಬದಲಾಗೋದಿಲ್ಲ ಎಂದು ನೆಮ್ಮದಿಯಿಂದ ನಿಟ್ಟುಸಿರು ಬಿಡುತ್ತಿದ್ದ. ಅದು ನಾಟಕದ ರಂಗಸಜ್ಜಿಕೆ. ಅವನೊಬ್ಬನೇ ನೋಡುವವನು.

"ನನಗೆ ಯಾಕೆ ಹೇಳ್ಲಿಲ್ಲ ರೇ?"

"ಮೊದಲನೇ ಮರಿ ತಂದಾಗ ನೀನೇನಂದೆ? ಆ ಹಾಳು ಪ್ರಾಣಿ ಒಳಗೆ ಬಂದ್ರೆ ನಾನು ಆಚೆಗೆ ಅಂದೆ."

"ಅಯ್ಯೋ, ಅದು ತಮಾಷೆಗೆ ಅಂದಿದ್ದಿರಬೇಕು!"

"ಇರಬಹುದು. ಕೇಳೋಣ ಅಂದ್ರೆ ನೀನು ಮಾರನೇ ದಿನ ಹೊರಡೋನಿದ್ದೆ. ಹೋಗೋನ ಹತ್ರ ಏನು ಜಗಳ ಅಂತ ಸುಮ್ಮನಾದೆ. ಮತ್ತೆ ಬಂದೆ. ಇರೋದೇ ಒಂದು ವಾರ, ಅದರಲ್ಲೇನು ಜಗಳ ಅಂತ ಆಗಲೂ ಸುಮ್ಮನಾದೆ. ಹಾಗೇ ಅಭ್ಯಾಸ ಆಗ್ಹೋಯ್ತು." ಸ್ವಲ್ಪ ತಡೆದು, ಹೇಗೂ ಬಾಯಿಬಿಟ್ಟಾಯಿತಲ್ಲ ಎಂಬಂತೆ ಮುಂದುವರಿಸಿದಳು. "ನಾನು ಮಾಂಸ ತಿನ್ನೋದು ಬಿಟ್ಟು ಎಷ್ಟೋ ಕಾಲ ಆಯ್ತು. ನೀನು ಬಂದಾಗ ಮಾತ್ರ ತಿಂತೀನಿ."

ಮರಿಗಳಿಗಿಂತ ಈ ಮಾತು ಅವನಿಗೆ ಹೆಚ್ಚು ನಾಟಿತು. ಎದುರಿಗೆ ಕೂತು, ಚೆನ್ನಾಗಿದೆ ಅಲ್ವಾ ಎಂದು ತಾನೇ ಅವಳ ತಟ್ಟೆಗೆ ಇನ್ನೊಂದು ತುಂಡು ಹಾಕುತ್ತಿದ್ದುದು ನೆನಪಾಗಿ ಅವನಿಗೆ ನಾಚಿಕೆಯಾಯಿತು.

ನಮ್ಮೂರಿನ ಗಣಿಯವರ ಮನೆಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಇದೇ ಕತೆ. ಕಾಂಗರೂ ಬದಲು ಇನ್ನೇನೋ ಇರುತ್ತದೆ, ಅಷ್ಟೇ. ಬಂದವನಿಗೆ ಆ ವಾರ ಹಬ್ಬ ಮಾಡುತ್ತಾರೆ. ಅವನು ತನ್ನ ಮನೆಯಲ್ಲಿ ವರ್ಷವಿಡೀ ಹಬ್ಬ ಎಂದುಕೊಳ್ಳುತ್ತಾನೆ.

ಶುಕ್ರವಾರ ಲಿಂಡನ್ ಒಳ್ಳೆಯವನಾಗಿರಲು ಬಹಳ ಪ್ರಯತ್ನಪಟ್ಟ. ಬಾಟಲಿ ತೊಳೆದ. ಹಾಲು ಕಲಸುವುದನ್ನು ಕಲಿಯಲು ಹೋಗಿ ಬಿಸಿ ಹೆಚ್ಚು ಮಾಡಿ ಬೈಸಿಕೊಂಡ. ಎಲ್ಲಿ ಕೂರಬೇಕು ಎಂದು ಗೊತ್ತಾಗದೆ ಅಡುಗೆಮನೆಗೂ ಅಂಗಳಕ್ಕೂ ಓಡಾಡಿದ. ಶನಿವಾರ ರೇಲೀನ್ ಸಾಮಾನು ತರಲು ಹೋದಾಗ, ಉಪಕಾರ ಮಾಡುವ ಉಮೇದಿನಲ್ಲಿ ಅವಳ ಸ್ಟ್ಯಾಂಡುಗಳನ್ನೆಲ್ಲ ಒಂದು ಮೂಲೆಗೆ ಒತ್ತರಿಸಿ, ಶೆಡ್ಡಿನಿಂದ ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು ಕಿಟಕಿಯ ಹತ್ತಿರ ಹಾಕಿಕೊಂಡ. ಇಬ್ಬರಿಗೂ ಜಾಗ ಆಯಿತಲ್ಲ ಎಂದು ಅವನ ಲೆಕ್ಕ.

ರೇಲೀನ್ ವಾಪಸು ಬಂದು ನೋಡಿ ಕೈಯಲ್ಲಿದ್ದ ಚೀಲ ನೆಲಕ್ಕೆ ಕುಕ್ಕಿದಳು.

"ಯಾರನ್ನ ಕೇಳಿ ಇದನ್ನೆಲ್ಲ ಜರುಗಿಸಿದೆ?"

"ನನ್ನ ಮನೆ ಕಣೇ ಇದು! ಕುರ್ಚಿ ಹಾಕ್ಕೊಳ್ಳೋಕೂ ಕೇಳ್ಬೇಕಾ?"

"ಕೇಳ್ಬೇಕು! ನೀನು ಇಲ್ಲಿ ಬಂದು ಹೋಗೋನು. ನಾನು ಇಲ್ಲಿ ಇರೋಳು. ಕೆಲಸ ಬಿಟ್ಟು ಮನೆಗೆ ಬರ್ತೀನಿ ಅಂತ ಲೆಕ್ಕದವನನ್ನ ಕೇಳಿದೆ, ಟ್ಯಾಮ್ಸಿನ್ನ ಕೇಳಿದೆ. ನನ್ನನ್ನ ಕೇಳಿದ್ಯಾ?"

"ನಿನಗೋಸ್ಕರಾನೇ ಅಲ್ವೇನೇ ನಾನು ಬರ್ತಿರೋದು? ದುಡ್ಡಿದೆ ರೇ. ಬೇಕಾದಷ್ಟಿದೆ."

"ಆ ದುಡ್ಡಲ್ಲಿ ನಾನೇನು ಕೊಂಡ್ಕೊಳ್ಲಿ? ನಿನ್ನ ಜೊತೆ ಇರೋ ಅಭ್ಯಾಸಾನಾ?"

ಅವರ ಜೀವಮಾನದ ಮೊದಲನೆಯ ಜಗಳ ಅದು. ಇಬ್ಬರಿಗೂ ಅಭ್ಯಾಸವಿಲ್ಲದ್ದರಿಂದ ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಾಗಲಿಲ್ಲ. ಹಳೆಯದೆಲ್ಲ ಎದ್ದು ಬಂತು. ಅವಳ ತಾಯಿ ತೀರಿಕೊಂಡಾಗ ಅವನು ಗಣಿಯಲ್ಲೇ ಇದ್ದದ್ದು, ಮಗಳು ಹನ್ನೆರಡು ವರ್ಷದವಳಾದರೂ ಅವಳ ಬಟ್ಟೆಯ ಅಳತೆ ಅವನಿಗೆ ಗೊತ್ತಿಲ್ಲದೇ ಇದ್ದದ್ದು, ಎಲ್ಲ. ಪಕ್ಕದ ಮನೆಯ ಗಾರ್ತ್ ಮರ್ಯಾದೆಗೆ ತನ್ನ ಕಿಟಕಿ ಮುಚ್ಚಿಕೊಂಡ. ಸುಸ್ತಾದ ಮೇಲೆ ರೇಲೀನ್ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಲಿಂಡನ್ ಅವಳ ಪಕ್ಕದಲ್ಲಿ ಕೂತ.

"ನೀನು ಒಳ್ಳೆಯವನು ಲಿಂಡ್," ಎಂದಳು ಮೂಗು ಒರೆಸಿಕೊಂಡು. "ಒಂದು ವಾರಕ್ಕೆ ನಿನ್ನಂಥ ಗಂಡ ಈ ಊರಲ್ಲೇ ಇಲ್ಲ. ಆ ವಾರ ನನಗೆ ನಿಜವಾಗ್ಲೂ ಇಷ್ಟ. ಅದು ನಾಟಕ ಅಲ್ಲ. ಬಾಕಿ ದಿನದಲ್ಲಿ ನೀನು ಹೇಗಿರ್ತೀಯೋ ನನಗೆ ಗೊತ್ತಿಲ್ಲ, ನಾನು ಹೇಗಿರ್ತೀನೋ ನಿನಗೆ ಗೊತ್ತಿಲ್ಲ. ಭಯ ಆಗತ್ತೆ ನನಗೆ."

ಗಣಿಯಲ್ಲಿ ಒಮ್ಮೆ ಅವನ ಟ್ರಕ್ಕಿನ ಮುಂದೆ ರಸ್ತೆಯೇ ಕುಸಿದು ಹೋಗಿತ್ತು. ಆಗಲೂ ಅವನು ಹೆದರಿರಲಿಲ್ಲ. ಈಗ ಹೆದರಿದ. ಎದ್ದು ಹೋಗಿ, ಅವಳು ಕುಕ್ಕಿದ್ದ ಸಾಮಾನಿನ ಚೀಲವನ್ನು ಅಡುಗೆಮನೆಗೆ ತಂದಿಟ್ಟ.

ಭಾನುವಾರ ಮರಿಗಳಿಗೆ ಹಾಲು ಕುಡಿಸುವುದರಲ್ಲೇ ಕಳೆಯಿತು. ಸೋಮವಾರ ಬೆಳಿಗ್ಗೆ ರೇಲೀನ್ ಬ್ರೆಡ್ಡು ಸುಡುತ್ತಿದ್ದಾಗ ಲಿಂಡನ್, "ನಾಳೆ ವಿಮಾನಕ್ಕೆ ಹೋಗಿಬಿಡ್ಲಾ ಅಂತ," ಎಂದ. ಮನಸ್ಸಿನಲ್ಲಿ ನಿಶ್ಚಯ ಮಾಡಿ ಹೇಳಿದ್ದಲ್ಲ. ಬೇಡ, ಇರು ಅನ್ನುತ್ತಾಳೇನೋ ಎಂಬ ಆಸೆಯಿಂದ ಎಸೆದ ಮಾತು.

ಅವಳು ತಿರುಗಿದಳು. ಅವಳ ಮುಖ ಸಡಿಲವಾಯಿತು. ಗುರುವಾರದಿಂದ ಬಿಗಿದುಕೊಂಡಿದ್ದ ಭುಜಗಳು ಇಳಿದವು. ಮರುಕ್ಷಣ ಅವಳಿಗೇ ಗೊತ್ತಾಗಿ ಮುಖ ಸರಿಮಾಡಿಕೊಂಡಳು. ಆದರೆ ಲಿಂಡನ್ ನೋಡಿಬಿಟ್ಟಿದ್ದ. ಅವಳ ಮುಖ ನೋಡಬೇಕು ಎಂದೇ ಅಲ್ಲವೇ ಅವನು ಅಷ್ಟು ದೂರದಿಂದ ಬಂದದ್ದು.

"ನಿನ್ನ ಇಷ್ಟ," ಎಂದಳು ಅವಳು ಮೆಲ್ಲಗೆ. ಆಮೇಲೆ, "ಒಂದು ಮಾತು. ಮುಂದಿನ ಸಲ ಬಂದಾಗ ನಾನು ಏನೂ ಜರುಗಿಸಲ್ಲ. ಮನೆ ಹೀಗೇ ಇರತ್ತೆ. ರೋಸ್ಟೂ ಮಾಡಲ್ಲ. ಸಿಟ್ಟು ಬಂದ್ರೆ ಜಗಳಾನೂ ಆಡ್ತೀನಿ. ಅದನ್ನ ನೋಡಿದ ಮೇಲೂ ಇಲ್ಲೇ ಇರ್ಬೇಕು ಅನ್ಸಿದ್ರೆ, ಆವಾಗ ನನ್ನನ್ನ ಕೇಳು."

"ಕೇಳ್ತೀನಿ," ಎಂದ ಲಿಂಡನ್.

ಮಂಗಳವಾರ ಅವನು ವಿಮಾನ ಹತ್ತಿದ. ಅವನು ಕೆಲಸ ಬಿಟ್ಟನೆಂಬ ಸುದ್ದಿ ಕ್ಯಾಂಪಿನಲ್ಲಿ ಆಗಲೇ ಹರಡಿತ್ತು. ಅವತ್ತಿನ ಊಟದ ಸಾಲಿನಲ್ಲಿ ವಾರಿಕ್ ಅವನನ್ನು ಕಂಡು ಕಣ್ಣುಬಾಯಿ ಬಿಟ್ಟ.

"ಏನ್ ಮಾರಾಯ, ಬಂದೇಬಿಟ್ಯಲ್ಲ! ಎಲ್ಲ ಮುಗೀತು ಅಂದ್ರಲ್ಲ?"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ತಮ್ಮಲ್ಲಿ ಒಬ್ಬನಾದರೂ ದಡ ಸೇರಿದ ಎಂದು ಐದು ದಿನದಿಂದ ಮಾತಾಡಿಕೊಂಡಿದ್ದವರು ಅವರು. ಲಿಂಡನ್ ತಟ್ಟೆ ತೆಗೆದುಕೊಂಡ.

"ಮತ್ತೊಂದ್ಸಲ ಲೆಕ್ಕ ಹಾಕಿ ನೋಡ್ದೆ," ಎಂದ. "ದುಡ್ಡು ಸ್ವಲ್ಪ ಕಮ್ಮಿ ಬೀಳತ್ತೆ."